ಶ್ರೀ ಸೂರ್ಯನಾರಾಯಣಸ್ವಾಮಿಯವರಿಗೆ ಒಂದು ಬಹಿರಂಗ ಪತ್ರ

ಸಹಸ್ರಕಿರಣರೂ ಸಪ್ತಾಶ್ವರಥಾರೂಢರೂ, 2023ನೆಯ ಇಸವಿಯಿಂದೀಚೆಗೆ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿಯೂ ಪ್ರತಿಷ್ಠಿತರೂ ಆದ ತಮ್ಮ ದಿವ್ಯಸನ್ನಿಧಾನಕ್ಕೆ ರಾಯಚೂರಿನ ಗೃಹಸ್ಥನೊಬ್ಬನು ಬೆವರಿದ ಕೈಯಿಂದ ಬರೆದುಕೊಳ್ಳುವ ವಿಜ್ಞಾಪನೆ.

ಸ್ವಾಮೀ, ಕೇಂದ್ರ ಸರ್ಕಾರವು ಆ ವರ್ಷ ತಂದ ತಿದ್ದುಪಡಿಯ ಮೇರೆಗೆ, ತಾವು ಬೆಳಗುವ ಎಂಟು ಗಂಟೆಗಳು ‘ಸೌರ ವೇಳೆ’ ಎಂಬ ಬಿರುದಿಗೆ ಪಾತ್ರವಾಗಿ, ಆಗ ಬಳಸಿದ ವಿದ್ಯುತ್ತಿನ ದರವು ಶೇಕಡ 20ರಷ್ಟಾದರೂ ಇಳಿಯತಕ್ಕದ್ದೆಂದೂ, ಬೇಡಿಕೆ ಶಿಖರಕ್ಕೇರಿದ ವೇಳೆಯಲ್ಲಿ ನಮ್ಮಂಥವರಿಗೆ ಶೇಕಡ 10ರಷ್ಟಾದರೂ ಏರತಕ್ಕದ್ದೆಂದೂ ವಿಧಿಯಾಗಿದೆ; ಸ್ಮಾರ್ಟ್ ಮೀಟರು ಗೋಡೆಗೇರಿದೊಡನೆ ಈ ವಿಧಿಯೂ ಮನೆಯನ್ನು ಪ್ರವೇಶಿಸತಕ್ಕದ್ದು. ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನವು ಮಧ್ಯಾಹ್ನ ಧಾರಾಳವಾಗಿ ಕೊಟ್ಟು ಸಂಜೆ ಕೈಕಟ್ಟಿ ನಿಲ್ಲುವುದರಿಂದಲೂ, ಆಮೇಲಿನ ಪಾಳಿಯನ್ನು ಶರಾವತಿಯ ನೀರೂ ನಮ್ಮ ಶಕ್ತಿನಗರದ ಕಲ್ಲಿದ್ದಲೂ ಹೊರಬೇಕಾಗಿರುವುದರಿಂದಲೂ, ಇದು ನ್ಯಾಯವೇ ಸರಿ.

ಆದರೆ, ತಾವು ಮಧ್ಯಾಹ್ನದಲ್ಲಿ ನಮ್ಮ ನಾಲ್ಕಂಗುಲದ ಕಾಂಕ್ರೀಟ್ ತಾರಸಿಯ ಮೇಲೆ ಠೇವಣಿಯಿಟ್ಟ ತಾಪವು, ಕೆಲವು ಗಂಟೆಗಳ ಅವಧಿ ಮುಗಿದು, ಸರಿಯಾಗಿ ಸಂಜೆಯ ದುಬಾರಿ ವೇಳೆಯಲ್ಲಿಯೇ ಬಡ್ಡಿಸಮೇತ ಕೋಣೆಯೊಳಕ್ಕೆ ಇಳಿಯುತ್ತದೆ. ಅಗ್ಗದ ವೇಳೆಯಲ್ಲಿಯೇ ಎ.ಸಿ. ನಡೆಸಿ ತಂಪನ್ನು ಗೋಡೆಗಳಲ್ಲಿ ಕೂಡಿಡಿರೆಂದು ತಜ್ಞರು ಉಪದೇಶಿಸುತ್ತಾರೆ. ಉಪಾಯವು ಶಾಸ್ತ್ರಸಮ್ಮತವೇ, ಗೋಡೆ ದಪ್ಪವಾಗಿದ್ದು ಮಾಡು ಬಿಸಿಲನ್ನು ತಡೆದರೆ ಫಲಿಸುವುದೂ ಉಂಟು. ನಮ್ಮ ತಾರಸಿಯ ಕೆಳಗಾದರೋ ಅದು ಜರಡಿಯಲ್ಲಿ ನೀರು ತುಂಬಿಟ್ಟಂತೆ. ಮೇಲಾಗಿ ಆ ಹೊತ್ತಿನಲ್ಲಿ ಮಡದಿಯೂ ನಾನೂ ಕಚೇರಿಯಲ್ಲಿ, ಮಕ್ಕಳು ಬೇಸಗೆಯ ರಜೆಗೆ ಅಜ್ಜಿಯ ಊರಿನಲ್ಲಿ. ರಿಯಾಯಿತಿ ದರದ ಸುಖವನ್ನು ಅನುಭವಿಸುವ ಭಾಗ್ಯವು ಗೋಡೆಯ ಮೇಲಿನ ಹಲ್ಲಿಗೆ ಮಾತ್ರ.

2020ರ ಜನವರಿಯಿಂದ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲಿಯೇ ಕಣ್ತೆರೆಯಬೇಕೆಂದು ಯಂತ್ರಕ್ಕೆ ಶಿಸ್ತು ಕಲಿಸಿದ ಸರ್ಕಾರವು, ಅದಕ್ಕೂ ಮೊದಲೇ, 2018ರ ಇಕೋ ನಿವಾಸ ಸಂಹಿತೆಯಲ್ಲಿ, ತಾರಸಿಯ ಮೂಲಕ ಇಳಿಯುವ ತಾಪಕ್ಕೂ ಮಿತಿಯನ್ನು ವಿಧಿಸಿತ್ತು; ಆದರೆ ಆ ಗ್ರಂಥವು ನಮ್ಮ ಮೇಸ್ತ್ರಿಯ ಕೈಸೇರಿದ ಕುರುಹು ಕಾಣದು. ಸಂಹಿತೆಯ ಹೆಸರನ್ನೇ ಕೇಳದ ನಮ್ಮ ಅಜ್ಜನ ಮಣ್ಣಿನ ಮಾಳಿಗೆಯ ಮನೆಯಾದರೋ ಎರಡು ಮೊಳದ ಗೋಡೆಯ ಬಲದಿಂದ ತಮ್ಮ ಪ್ರತಾಪವನ್ನು ರಾತ್ರಿಯವರೆಗೂ ಹೊರಗೇ ಕಾಯಿಸುತ್ತಿತ್ತು. ಅಷ್ಟರಲ್ಲಿ ಮನೆಯವರೆಲ್ಲ ಮಾಳಿಗೆಯನ್ನೇರಿ ಗಾಳಿಗೆ ಮಲಗಿರುತ್ತಿದ್ದರು.

ಆದಕಾರಣ ತಾವು ಸಂಜೆ ಆರರಿಂದ ಹತ್ತರವರೆಗೆ ಹೆಚ್ಚಿನ ಪಾಳಿಯನ್ನು ಒಪ್ಪಿಕೊಳ್ಳಬೇಕೆಂದು ಪ್ರಾರ್ಥನೆ. ಅದು ಅಸಾಧ್ಯವಾದಲ್ಲಿ, ಬುದ್ಧಿಯನ್ನು ಪ್ರಚೋದಿಸುವುದು ತಮ್ಮ ಪುರಾತನ ವೃತ್ತಿಯಾದುದರಿಂದ, ದರಪಟ್ಟಿಯನ್ನು ಬರೆಯುವ ಪ್ರಭುಗಳ ಬುದ್ಧಿಯನ್ನು ಕಿಂಚಿತ್ ಪ್ರಚೋದಿಸಿ, ಮೀಟರು ಕೂರಿಸಲು ಬರುವವನ ಕೈಯಲ್ಲಿ ತಾರಸಿಗೆ ಬಳಿಯಲು ಒಂದು ಡಬ್ಬ ಸುಣ್ಣವನ್ನೂ ಕಳುಹಿಸುವಂತೆ ಮಾಡಬೇಕು. ತಾರಸಿ ಬೆಳ್ಳಗಾದ ದಿನ, ಸರ್ಕಾರವು ಹೇಳಿದ ಗಂಟೆಗೆ ನಾನಾಗಿಯೇ ಎ.ಸಿ.ಯನ್ನು ಆರಿಸುವೆನು.

ಇಂತು,
ತಮ್ಮ ತಾಪಕ್ಕೂ ಅವರ ದರಕ್ಕೂ ಸಮಾನ ಭಾಜನನಾದ
ಓರ್ವ ಗ್ರಾಹಕ