ಗೂಳಿಗೆ ಮೊದಲ ದಾರಿ

ಕಾಶಿಗೆ ಹೋದವರು ಇಷ್ಟವಾದ ಒಂದು ತಿನಿಸನ್ನು ಬಿಟ್ಟು ಬರುವುದು ರೂಢಿ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಬದನೆಕಾಯಿ ಬಿಡಲು ಒಪ್ಪಿದರು. ಫೋನ್ ಬಿಡಲು ಒಪ್ಪಲಿಲ್ಲ. ನಡೆದ ದಾರಿಯನ್ನೆಲ್ಲ ನಕ್ಷೆಯ ಮೇಲೆ ನೀಲಿ ಗೆರೆಯಾಗಿ ಎಳೆಯುವ ಆ್ಯಪ್ ಅದರಲ್ಲಿತ್ತು. ಪುಣ್ಯದ ಲೆಕ್ಕ ಚಿತ್ರಗುಪ್ತ ಇಟ್ಟುಕೊಳ್ಳಲಿ, ಮೀಟರಿನ ಲೆಕ್ಕ ತಮ್ಮ ಬಳಿ ಇರಲಿ ಎಂಬುದು ಮೇಷ್ಟ್ರ ಹಟ.

ಗೊದೌಲಿಯಾ ಚೌಕದವರೆಗೆ ಗೆರೆ ಸರಿಯಾಗಿಯೇ ಬಂತು. ವಿಶ್ವನಾಥ ಗಲ್ಲಿಗೆ ತಿರುಗಿದ್ದೇ ತಡ, ‘ಟ್ರ್ಯಾಕಿಂಗ್ ನಿಂತಿದೆ’. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು.

ಮೇಷ್ಟ್ರ ಅನುಮಾನ ಬ್ಯಾಟರಿಯ ಮೇಲೆ. ಅದು ನಿರಾಧಾರವೂ ಅಲ್ಲ. 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಸುಮ್ಮನೆ ಬಿದ್ದ ಫೋನ್ ಆ್ಯಪ್‌ಗಳನ್ನು ತೂಕಡಿಸಲು ಕಳಿಸುತ್ತದೆ. 2017ರ ಆಂಡ್ರಾಯ್ಡ್ 8 ಹಿನ್ನೆಲೆಯ ಕೆಲಸಗಳಿಗೆ ಇನ್ನಷ್ಟು ಕಡಿವಾಣ ಹಾಕಿತು. ಇದು ಸಾಲದೆಂದು ಕೆಲವು ಫೋನ್ ತಯಾರಕರು ತಮ್ಮದೊಂದು ಕತ್ತರಿಯನ್ನೂ ಸೇರಿಸುತ್ತಾರೆ. ಬ್ಯಾಟರಿ ಎಷ್ಟು ದಿನ ಬರುತ್ತದೆಂದು ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಬರಲು ಯಾರ ಕತ್ತು ಹಿಸುಕಬೇಕಾಯಿತು ಎಂದು ಯಾರೂ ಕೇಳುವುದಿಲ್ಲವಲ್ಲ!

ಬಳೆ, ರುದ್ರಾಕ್ಷಿ, ಹಿತ್ತಾಳೆ ಗಂಟೆಗಳ ಅಂಗಡಿಗಳ ನಡುವೆ, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಜಾಗದಲ್ಲಿ ನಿಂತು ಮೇಷ್ಟ್ರು ಸೆಟ್ಟಿಂಗ್ಸ್ ಬಿಚ್ಚಿದರು. ಬ್ಯಾಟರಿ ಉಳಿತಾಯದಿಂದ ಆ್ಯಪ್‌ಗೆ ವಿನಾಯಿತಿ ಕೊಟ್ಟರು.

ಆಗ ಗೂಳಿ ಬಂತು.

ಬಂತು ಅನ್ನುವುದಕ್ಕಿಂತ ಗಲ್ಲಿಯನ್ನು ತುಂಬಿಕೊಂಡಿತು ಅನ್ನಬೇಕು. ಅಂಗಡಿಯವರು ನೇತುಹಾಕಿದ್ದ ಸರಗಳನ್ನು ಒಳಗೆಳೆದರು. ಸ್ಕೂಟರಿನವನು ಹಾರ್ನ್ ಮರೆತ. ‘ಬಾಬೂಜಿ, ಹಟಿಯೇ!’ ಎಂದು ಯಾರೋ ಕೂಗಿದರು. ಮೇಷ್ಟ್ರು ಗೋಡೆಗೆ ಅಂಟಿದರು, ಆದರೆ ಸೆಟ್ಟಿಂಗ್ಸ್ ಬಿಡಲಿಲ್ಲ. ಗೂಳಿ ಅವರೆದುರೇ ನಿಂತು, ಫೋನನ್ನು ಮೂಸಿ, ತಿನ್ನಲು ಯೋಗ್ಯವಲ್ಲವೆಂದು ತೀರ್ಮಾನಿಸಿ, ಮೇಷ್ಟ್ರ ಹೆಂಡತಿಯ ಬುಟ್ಟಿಯಲ್ಲಿದ್ದ ಚೆಂಡುಹೂವಿನ ಹಾರಕ್ಕೆ ಬಾಯಿ ಹಾಕಿತು. ಮೆಮೊರಿ ಸಾಲದಾದಾಗ ಯಾರನ್ನು ಮೊದಲು ಹೊರದಬ್ಬಬೇಕು ಎಂಬುದಕ್ಕೆ ಆಂಡ್ರಾಯ್ಡ್‌ನಲ್ಲೊಂದು ಶ್ರೇಣಿಯಿದೆ: ಪರದೆಯ ಮೇಲಿರುವ ಆ್ಯಪ್ ಸಾರ್ವಭೌಮ, ಮರೆಯಲ್ಲಿ ದುಡಿಯುವುದು ಅದರ ಕೆಳಗೆ, ಸುಮ್ಮನೆ ಕೂತದ್ದು ಮೊದಲ ಬಲಿ. ಗಲ್ಲಿಯ ಶ್ರೇಣಿಯೂ ಅದೇ. ಮೊದಲು ಗೂಳಿ, ಆಮೇಲೆ ಪೊಲೀಸರ ಬೆಂಗಾವಲಿನ ಗಣ್ಯರು, ಆಮೇಲೆ ಸ್ಕೂಟರ್, ಆಮೇಲೆ ಹಾಲಿನ ಕ್ಯಾನು, ಕಟ್ಟಕಡೆಗೆ ಫೋನ್ ಹಿಡಿದು ನಿಂತ ಕನ್ನಡದ ಯಾತ್ರಿಕ.

ಮೇಷ್ಟ್ರು ಗೂಳಿಯ ಫೋಟೋ ತೆಗೆದರು. ಟ್ರ್ಯಾಕಿಂಗ್ ನಿಂತಿತು.

‘ರೀ, ನೀವು ಕ್ಯಾಮೆರಾ ತೆಗೆದಾಗಲೆಲ್ಲ ಅದು ನಿಲ್ಲುತ್ತೆ ಕಣ್ರೀ’ ಎಂದರು, ಅರ್ಧ ಹಾರ ಹಿಡಿದ ಹೆಂಡತಿ. 3 ಜಿಬಿ ಮೆಮೊರಿಯ ಹಳೇ ಫೋನು. ಕ್ಯಾಮೆರಾ ತೆರೆದರೆ ಉಳಿದವರಿಗೆ ಜಾಗವಿಲ್ಲ. ಬ್ಯಾಟರಿ ನಿರಪರಾಧಿ.

ಇನ್ನು ಗಲ್ಲಿಯಲ್ಲಿ ಮೂಡಿದಷ್ಟು ಗೆರೆಯೂ ಡೊಂಕಾಗಿತ್ತು, ಅದಕ್ಕೆ ಕಾರಣ ಬೇರೆ. ಎತ್ತರದ ಗೋಡೆಗಳು ಉಪಗ್ರಹದ ಸಂಕೇತವನ್ನು ತಡೆಯುತ್ತವೆ, ಚಿಮ್ಮಿಸುತ್ತವೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ದೇಗುಲದ ಕಾರಿಡಾರ್‌ನಲ್ಲಾದರೋ ಆಕಾಶ ಧಾರಾಳ. ಆ ಧಾರಾಳಕ್ಕಾಗಿ 300ಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡು ಕೆಡವಲಾಯಿತು. ಮನೆಗಳೊಳಗೆ ಸೇರಿಹೋಗಿದ್ದ 40ಕ್ಕೂ ಹೆಚ್ಚು ಹಳೆಯ ಗುಡಿಗಳು ಬೆಳಕು ಕಂಡವು. ಅಲ್ಲಿ ಬಾಳಿದವರ ಓಣಿಗಳು ಈಗ ಯಾವ ನಕ್ಷೆಯಲ್ಲೂ ಇಲ್ಲ, ಅವರ ನೆನಪಿನಲ್ಲಷ್ಟೇ. ಮೇಷ್ಟ್ರಿಗಂತೂ ಆ ಆಕಾಶ ದಕ್ಕಲಿಲ್ಲ. ಆಕಾಶವಿದ್ದಲ್ಲಿ ಫೋನಿಗೆ ಪ್ರವೇಶವಿಲ್ಲ, ಫೋನಿಗೆ ಪ್ರವೇಶವಿದ್ದಲ್ಲಿ ಆಕಾಶವಿಲ್ಲ.

ಹೂವಿನಂಗಡಿಯಲ್ಲಿ ಹೊಸ ಹಾರ ಕೊಂಡು, ಅಲ್ಲಿನ ಮರದ ಲಾಕರಿನಲ್ಲಿ ಫೋನಿಟ್ಟು ಬೀಗದ ಕೈ ಪಡೆದರು. ದರ್ಶನವಾಯಿತು.

ಹಿಂತಿರುಗಿ ನೋಡಿದರೆ, ಕ್ಯಾಮೆರಾ ಮುಟ್ಟುವವರಿಲ್ಲದೆ ಆ್ಯಪ್ ಒಮ್ಮೆಯೂ ನಿಂತಿರಲಿಲ್ಲ. ಲಾಕರಿನೊಳಗೆ ಕೂತೇ ಅದು ಎಳೆದ ನೀಲಿ ಗೆರೆ ಗಲ್ಲಿಯಿಂದ ನೆಗೆದು, ಗಂಗೆಯನ್ನು ನೇರ ದಾಟಿ, ಆಚೆ ದಡದ ಮರಳಿನಲ್ಲಿ ಸುತ್ತಾಡಿ, ಮರಳಿ ಹೂವಿನಂಗಡಿ ಸೇರಿತ್ತು. ಮೇಷ್ಟ್ರು ಹಾಗೆಯೇ ಮಗನಿಗೆ ಕಳಿಸಿದರು.

‘ಅಪ್ಪಾ, ದೋಣಿಯವನು ಎಷ್ಟು ತಗೊಂಡ?’ ಎಂದು ಉತ್ತರ ಬಂತು.