ನೆಟ್ಟು ಬರಿಸುವ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸರಸ್ವತಿಪುರದಲ್ಲಿ ಸಿಗುತ್ತಾರೆ, ಕುವೆಂಪುನಗರದಲ್ಲಿ ಸಿಗುತ್ತಾರೆ, ವಿಜಯನಗರದಲ್ಲಂತೂ ಸ್ಟೇಜಿಗೊಬ್ಬರಂತೆ ಇದ್ದಾರೆ. ಬೆಳಗಿನ ವಾಕಿಂಗ್ ಮುಗಿದಿರುತ್ತದೆ, ಪೇಪರು ಓದಿಯಾಗಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಬೀದಿಯ ಯಾವುದೋ ಮನೆಯಲ್ಲಿ ಹೊಸ ಟ್ಯಾಬ್‌ಗೆ ಸಿಮ್ ಹಾಕಿಯೂ ನೆಟ್ಟು ಬರುತ್ತಿರುವುದಿಲ್ಲ. “ಕಸ್ಟಮರ್ ಕೇರ್‌ಗೆ ಮಾಡಿದ್ರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಸಾಯಿಸ್ತಾರೆ. ಸುಮ್ನೆ ರಾಯರನ್ನ ಕರೀರಿ” ಎನ್ನುತ್ತಾರೆ ಮನೆಯಾಕೆ. ರಾಯರ ನಿಜವಾದ ಹೆಸರು ಗ್ಯಾಸ್ ಬುಕ್ಕಿನಲ್ಲಿದೆ. ಬೀದಿಗೆ ಅವರು ರಾಯರು.

ಅವರಿಗೆ ಈ ಪಟ್ಟ ಬಂದದ್ದು ಟೆಲಿಫೋನ್ಸ್‌ನಲ್ಲಿದ್ದವರು ಎಂಬ ಕಾರಣಕ್ಕೆ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿದಾಗ ಇಲಾಖೆಯಿಂದ ಅದಕ್ಕೆ ದಾಟಿಕೊಂಡವರು. 2020ರ ಜನವರಿ 31ರಂದು 78 ಸಾವಿರಕ್ಕೂ ಹೆಚ್ಚು ಮಂದಿ ಒಂದೇ ದಿನ ಸ್ವಯಂನಿವೃತ್ತಿ ಪಡೆದು ಮನೆಗೆ ಹೋದರಲ್ಲ, ಆ ಜಾತ್ರೆಯಲ್ಲಿ ಇವರೂ ಹೊರಬಂದರು. ಟೆಲಿಫೋನ್ಸ್‌ನವರಿಗೆ ಫೋನು ಗೊತ್ತಿರಬೇಕು, ಫೋನು ಗೊತ್ತಿದ್ದವರಿಗೆ ಟ್ಯಾಬು ಗೊತ್ತಿರಲೇಬೇಕು ಎಂಬುದು ಬೀದಿಯ ತರ್ಕ. ರಾಯರು ಇದ್ದದ್ದು ಬಿಲ್ಲಿಂಗ್ ಸೆಕ್ಷನ್ನಿನಲ್ಲಿ. ಸರ್ವಿಸ್ ಪೂರ್ತಿ ಕೂಡಿದ್ದು, ಕಳೆದದ್ದು, ಬಾಕಿದಾರರಿಗೆ ನೋಟಿಸ್ ಕಳಿಸಿದ್ದು. ಕಂಬ ಹತ್ತಿದವರಲ್ಲ, ತಂತಿ ಮುಟ್ಟಿದವರಲ್ಲ. ಇದನ್ನು ಅವರೇನೂ ಮುಚ್ಚಿಟ್ಟಿಲ್ಲ. ಯಾರೂ ಕೇಳಿಲ್ಲ, ಅಷ್ಟೆ.

ಒಂದು ಕಾಲದಲ್ಲಿ ಅವರಿಗಿದ್ದ ಮರ್ಯಾದೆಯೇ ಬೇರೆ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ‘ನಮ್ಮದು ಎಲ್ಲಿಗೆ ಬಂತು ನೋಡಿ ರಾಯರೇ’ ಎಂದು ದಾರಿಯಲ್ಲಿ ಅಡ್ಡ ಹಾಕದವರಿಲ್ಲ. ಆಮೇಲೆ ಮೊಬೈಲು ಬಂತು, ಮನೆಮನೆಯ ಲ್ಯಾಂಡ್‌ಲೈನು ಕ್ರೋಶಾ ಹೊದಿಕೆಯ ಸಮೇತ ಅಟ್ಟ ಸೇರಿತು, ಮರ್ಯಾದೆಯೂ ಅದರ ಹಿಂದೆಯೇ ಮೆಟ್ಟಿಲು ಹತ್ತಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ತಿಂಗಳುಗಟ್ಟಲೆ ಡೇಟಾವನ್ನು ಪುಕ್ಕಟೆ ಸುರಿದ ಮೇಲೆ ಅಜ್ಜಿ ಅಜ್ಜಂದಿರಿಗೂ ನೆಟ್ಟಿನ ರುಚಿ ಹತ್ತಿತು. ಸಣ್ಣ ಅಕ್ಷರ ಕಾಣದವರಿಗೆ ಮಕ್ಕಳು ಟ್ಯಾಬ್ ಕೊಡಿಸಿದರು, ಕೊಡಿಸಿ ಬೆಂಗಳೂರಿಗೋ ಡಲ್ಲಾಸಿಗೋ ಹೊರಟುಹೋದರು. ರಾಯರು ಮತ್ತೆ ಬೇಕಾದರು.

ಬರುವಾಗ ಕೈಯಲ್ಲೊಂದು ಹಳೇ ಕನ್ನಡಕದ ಡಬ್ಬಿ ಇರುತ್ತದೆ. ಅದನ್ನು ತೆರೆಯುವುದೇ ಒಂದು ಗತ್ತು. ಒಳಗೆ ಯಾವ್ಯಾವುದೋ ಫೋನಿನ ಸಿಮ್ ಪಿನ್ನುಗಳು, ಸಣ್ಣ ಸಿಮ್ಮನ್ನು ದೊಡ್ಡ ಜಾಗಕ್ಕೆ ಹೊಂದಿಸುವ ಪ್ಲಾಸ್ಟಿಕ್ ಚೌಕಟ್ಟುಗಳು, ಅರ್ಧ ಸವೆದ ಪೆನ್ಸಿಲ್ ರಬ್ಬರು, ಒಂದು ಚಿಮಟ. ಇಷ್ಟೆಲ್ಲ ಇದ್ದರೂ ಆ ಹೊತ್ತಿಗೆ ಬೇಕಾದ ಪಿನ್ನು ಸಿಗುವುದಿಲ್ಲ. ಮನೆಯಾಕೆ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನನ್ನು ಬಿಚ್ಚಿ ಕೊಡುತ್ತಾರೆ. ಟ್ಯಾಬಿನ ಅಂಚಿನಲ್ಲಿ ಸಿಮ್ಮಿನ ತೂತೂ ಇರುತ್ತದೆ, ಮೈಕಿನ ತೂತೂ ಇರುತ್ತದೆ. ರಾಯರು ಮೊದಲು ಚುಚ್ಚುವುದು ಮೈಕಿಗೆ. ಅದು ಬಾಯಿ ಬಿಡದಿದ್ದಾಗ “ಚೈನಾ ಮಾಲು, ಬಿಗಿ ಜಾಸ್ತಿ” ಎನ್ನುತ್ತಾರೆ.

ಸಿಮ್ಮು ಹೊರಗೆ ಬಂದ ಮೇಲೆ ಅದಕ್ಕೆ ಹಾ ಎಂದು ಉಸಿರು ಬಿಡುತ್ತಾರೆ, ಪಂಚೆಯ ತುದಿಯಲ್ಲಿ ಒರೆಸುತ್ತಾರೆ, ಬಂಗಾರದ ಬಣ್ಣದ ಭಾಗವನ್ನು ರಬ್ಬರಿನಿಂದ ತಿಕ್ಕುತ್ತಾರೆ. ನಿನ್ನೆ ತಾನೇ ಅಂಗಡಿಯಿಂದ ಬಂದ ಸಿಮ್ಮಿನಲ್ಲಿ ತಿಕ್ಕುವಂಥದ್ದೇನಿದೆ ಎಂದು ಕೇಳುವ ಹಾಗಿಲ್ಲ. ಮತ್ತೆ ಒಳಗೆ ಹಾಕಿ, ಏರೋಪ್ಲೇನಿನ ಚಿತ್ರ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಇನ್ನೊಂದು ಸಲ ಒತ್ತುತ್ತಾರೆ. ಆಗಲಿಲ್ಲವೋ, ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ. ಇಷ್ಟರಲ್ಲೇ ಎಷ್ಟೋ ಮನೆಗಳಲ್ಲಿ ನೆಟ್ಟು ಬಂದುಬಿಡುತ್ತದೆ. ಹಾಗೆ ಬಂದರೆ ರಾಯರಿಗೆ ಅಷ್ಟೇನೂ ಸಮಾಧಾನವಿಲ್ಲ. “ತಾನಾಗಿ ಬಂದ ನೆಟ್ಟು ನಿಲ್ಲೋಲ್ಲ” ಎಂದು ಸೆಟ್ಟಿಂಗ್ಸಿನ ಇನ್ನೂ ಆಳಕ್ಕೆ ಇಳಿಯುತ್ತಾರೆ. ಡೇಟಾ ರೋಮಿಂಗ್ ಆನ್ ಮಾಡುತ್ತಾರೆ. ಯಾಕೆಂದು ಕೇಳಿದರೆ, “ನೀವು ಮಂಡ್ಯ ದಾಟೋದೇ ಇಲ್ವೇನು?”

ಅವರ ನಿಜವಾದ ಬ್ರಹ್ಮಾಸ್ತ್ರ ಎಪಿಎನ್. ಟ್ಯಾಬು ಕಂಪನಿಯ ಜಾಲದೊಳಗೆ ಸೇರಿಕೊಂಡರೆ ಸಾಲದು, ಅಲ್ಲಿಂದ ಇಂಟರ್ನೆಟ್ಟಿಗೆ ಯಾವ ಬಾಗಿಲಿನಿಂದ ಹೋಗಬೇಕು ಎಂದು ಹೇಳುವ ಹೆಸರದು. ಸಾಮಾನ್ಯವಾಗಿ ಸಿಮ್ ಹಾಕಿದೊಡನೆ ಸೆಟ್ಟೇ ಕಂಪನಿಯನ್ನು ಗುರುತು ಹಿಡಿದು ಆ ಹೆಸರನ್ನು ತುಂಬಿಕೊಳ್ಳುತ್ತದೆ. ಹೊರದೇಶದಿಂದ ಬಂದ ಸೆಟ್ಟುಗಳು ಕೆಲವೊಮ್ಮೆ ತುಂಬಿಕೊಳ್ಳುವುದಿಲ್ಲ, ಆಗ ಕೈಯಲ್ಲಿ ಬರೆಯಬೇಕು. ರಾಯರ ಜೇಬಿನ ಡೈರಿಯಲ್ಲಿ ಎಲ್‌ಐಸಿ ಪಾಲಿಸಿ ನಂಬರಿನ ಕೆಳಗೆ ಇವೆಲ್ಲ ಇವೆ: ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಜಿಪಿಆರ್‌ಎಸ್ ಅನ್ನುವುದು ಒಂದು ಫೋಟೋ ಇಳಿಯಲು ಒಂದು ಲೋಟ ಕಾಫಿ ಮುಗಿಯುತ್ತಿದ್ದ ಟೂಜಿ ಕಾಲದ್ದು. ಫೈವ್‌ಜಿ ಬಂದರೂ ಹೆಸರಿನಲ್ಲಿ ಅದು ಹಾಗೇ ಕೂತಿದೆ. ರಾಯರಿಗೆ ಇದೊಂದು ಹೆಮ್ಮೆಯ ವಿಷಯ. ರಿಟೈರಾದವರನ್ನೂ ಮನೆಯ ನಾಮಫಲಕದಲ್ಲಿ ಉಳಿಸಿಕೊಂಡವರೆಂದರೆ ಅವರಿಗೆ ಗೌರವ.

ಎಪಿಎನ್ ಪುಟದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎಂಬ ಎರಡು ಜಾಗಗಳಿವೆ. ಅವು ಖಾಲಿಯೇ ಇರಬೇಕಾದವು. ಅರ್ಜಿಯ ಕಾಲಂ ಖಾಲಿ ಬಿಟ್ಟವರನ್ನು ಜೀವಮಾನವಿಡೀ ವಾಪಸು ಕಳಿಸಿದ ಮನುಷ್ಯ ಅದನ್ನು ಸಹಿಸುವುದುಂಟೆ? ಮನೆಯ ಯಜಮಾನರ ಹೆಸರನ್ನು ಇನಿಶಿಯಲ್ ಸಮೇತ ತುಂಬುತ್ತಾರೆ. ತುಂಬಿದ ಮೇಲೆ ಮೂಲೆಯ ಮೂರು ಚುಕ್ಕಿ ಒತ್ತಿ ಸೇವ್ ಮಾಡಬೇಕು. ಅದೊಂದನ್ನು ಮರೆತು ಹಿಂದಕ್ಕೆ ಬರುತ್ತಾರೆ, ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಏ, ಐ, ಆರ್ ಎಂದು ಶುರು. ಹತ್ತನೇ ಕ್ಲಾಸಿನ ಹುಡುಗ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುತ್ತಾನೆ. ಅವನಿಗೆ ಎಲ್ಲ ಗೊತ್ತು. “ಅಜ್ಜೀ, ಅದು ಹಾಗಲ್ಲ” ಎಂದು ಒಮ್ಮೆ ಹೇಳಿ, ಬ್ಯಾಟು ತೆಗೆದುಕೊಂಡು ಹೊರಟುಹೋಗುತ್ತಾನೆ. ಗೊತ್ತಿರುವವನಿಗೆ ಕೂರಲು ಪುರಸೊತ್ತಿಲ್ಲ, ಪುರಸೊತ್ತಿರುವವರಿಗೆ ಗೊತ್ತಿಲ್ಲ. ನಮ್ಮ ಮನೆಗಳ ತಂತ್ರಜ್ಞಾನ ನಿಂತಿರುವುದು ಈ ಎರಡರ ನಡುವೆ.

ರಾಯರ ಪ್ರತಿಭೆ ಪೂರ್ತಿ ಅರಳಿದ್ದನ್ನು ನೋಡಬೇಕಾದರೆ ಎದುರು ಮನೆಯ ಟೀಚರಮ್ಮನ ಟ್ಯಾಬಿನ ಕಥೆ ಕೇಳಬೇಕು. ಮಗಳು ದಸರಾ ಸೇಲಿನಲ್ಲಿ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದು. ಡಬ್ಬದ ಮೇಲೆ ‘ವೈಫೈ’ ಎಂದಿತ್ತು. ವೈಫೈಯೂ ಇದೆ ಎಂದುಕೊಂಡರು. ವೈಫೈ ಮಾತ್ರ ಇದೆ ಎಂದು ಯಾರೂ ಓದಲಿಲ್ಲ. ಟ್ಯಾಬುಗಳಲ್ಲಿ ಈ ಎರಡು ಪಂಗಡ ಹುಟ್ಟಿನಿಂದಲೇ ಇವೆ. 2010ರಲ್ಲಿ ಮೊದಲ ಐಪ್ಯಾಡ್ ಬಂದಾಗಲೇ ಒಂದು ಬರೀ ವೈಫೈಯದು, ಇನ್ನೊಂದು ಸಿಮ್ ಹಾಕುವಂಥದ್ದು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಅಗ್ಗದ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿದಾಗಲೂ ಅದರಲ್ಲಿದ್ದದ್ದು ವೈಫೈ ಮಾತ್ರ. ಆಗ ಎಷ್ಟು ವಿದ್ಯಾರ್ಥಿಗಳ ಮನೆಯಲ್ಲಿ ವೈಫೈ ಇತ್ತು ಎಂದು ಕೇಳಿದವರು ಕಡಿಮೆ. ಟೀಚರಮ್ಮನ ಮನೆಯಲ್ಲಂತೂ ಇಂದಿಗೂ ಇಲ್ಲ.

“ಸಿಮ್ ಎಲ್ಲಿ ಹಾಕೋದು ರಾಯರೇ?”

“ಇಲ್ಲೇ ಇದೆಯಲ್ಲ ಮೇಡಂ” ಎಂದು ಪಕ್ಕದ ಕಿಂಡಿ ತೋರಿಸಿದರು. ಅದು ಮೆಮೊರಿ ಕಾರ್ಡಿನದು. ಮೆಮೊರಿ ಕಾರ್ಡು 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ. ನ್ಯಾನೋ ಸಿಮ್ಮು 12.3 ಉದ್ದ, 8.8 ಅಗಲ. ಬಿಲ್ಲಿಂಗ್ ಸೆಕ್ಷನ್ನಿನವರಾದರೂ ರಾಯರು ಈ ಒಂದು ಲೆಕ್ಕ ಮಾಡಲಿಲ್ಲ. ಸಿಮ್ಮು ಸಲೀಸಾಗಿ ಒಳಗೆ ಹೋಯಿತು. ಎಷ್ಟು ಸಲೀಸಾಗಿ ಎಂದರೆ ಮತ್ತೆ ಕಣ್ಣಿಗೆ ಬೀಳಲಿಲ್ಲ. ಟ್ಯಾಬನ್ನು ತಲೆಕೆಳಗು ಮಾಡಿದರು, ತೊಡೆಯ ಮೇಲಿಟ್ಟು ಬೆನ್ನು ತಟ್ಟಿದರು. ಟಾರ್ಚು ಬಂತು, ಚಿಮಟ ಇಳಿಯಿತು. ಟೀಚರಮ್ಮ ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು. ಕೊನೆಗೆ ಸಿಮ್ಮು ತಾನಾಗಿ ನೆಲಕ್ಕೆ ಬಿತ್ತು, ಅದೂ ಯಾರೂ ಅಲ್ಲಾಡಿಸದೆ ಸುಮ್ಮನೆ ಕೂತಿದ್ದಾಗ.

ಆಮೇಲೆ ರಾಯರು ಮಾಡಿದ್ದು ಪವಾಡ. ತಮ್ಮ ಫೋನು ತೆಗೆದರು, ಹಾಟ್‌ಸ್ಪಾಟ್ ಆನ್ ಮಾಡಿದರು, ಟ್ಯಾಬಿಗೆ ಪಾಸ್‌ವರ್ಡ್ ಹಾಕಿದರು. ಎರಡು ನಿಮಿಷದಲ್ಲಿ ಪ್ರವಚನ ಶುರುವಾಯಿತು. “ನೆಟ್ಟು ಬಂತು!” ಎಂದು ಟೀಚರಮ್ಮ ಕೈ ಮುಗಿದರು. ಉಪ್ಪಿಟ್ಟು ಬಂತು, ಕಾಫಿ ಬಂತು. ಯಾವ ಸೆಟ್ಟಿಂಗ್‌ನಿಂದ ಬಂತು ಎಂದು ಟೀಚರಮ್ಮ ಕೇಳಲಿಲ್ಲ, ರಾಯರು ಹೇಳಲಿಲ್ಲ. ಲೋಟ ಕೆಳಗಿಟ್ಟು ಅವರು ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು, ಒಳಗೆ ಪ್ರವಚನಕಾರರು ಅರ್ಧ ಬಾಯಿ ತೆರೆದು ನಿಂತುಬಿಟ್ಟರು. ಟ್ಯಾಬಿನ ನಡುವೆ ಆ ಚಕ್ರ ಸುತ್ತತೊಡಗಿತು.

ಅಂದಿನಿಂದ ಟೀಚರಮ್ಮನ ಲೆಕ್ಕದಲ್ಲಿ ರಾಯರ ಕೈಗುಣ ದೊಡ್ಡದು. ಅವರು ಕೂತಿರುವಷ್ಟು ಹೊತ್ತು ನೆಟ್ಟು ಇರುತ್ತದೆ, ಎದ್ದು ಹೋದರೆ ಹೋಗುತ್ತದೆ. ಪ್ರವಚನದ ಹೊತ್ತಿಗೆ ಸರಿಯಾಗಿ ಅವರನ್ನು ಕಾಫಿಗೆ ಕರೆಯುತ್ತಾರೆ. ರಾಯರ ದಿನದ ಒಂದೂವರೆ ಜಿಬಿ ಅಲ್ಲೇ ಮುಗಿದು, ರಾತ್ರಿ ಅವರ ಮನೆಯಾಕೆಯ ಸೀರಿಯಲ್ಲಿಗೆ ಸಾಲದೆ ಬಂದಾಗ ಒಳಗೆ ನಡೆಯುವ ಮಾತುಕತೆ ಬೀದಿಗೂ ಕೇಳುತ್ತದೆ.

ಸಿಮ್ ಹಾಕುವ ಟ್ಯಾಬೇ ಇದ್ದವರ ಪಾಡೂ ಕಡಿಮೆಯಿಲ್ಲ. ಮೂರನೇ ಕ್ರಾಸಿನ ಒಬ್ಬ ಹಿರಿಯರು ರಾಯರ ಸಲಹೆಯಂತೆ ಫೋನಿನಲ್ಲಿದ್ದ ಒಂದೇ ಸಿಮ್ಮನ್ನು ಟ್ಯಾಬಿಗೆ ವರ್ಗಾಯಿಸಿದರು. ಈಗ ಕರೆ ಬಂದರೆ ಊಟದ ಮಣೆಯನ್ನು ಕಿವಿಗೆ ಹಿಡಿದ ಹಾಗೆ ಟ್ಯಾಬ್ ಹಿಡಿದು ಹಲೋ ಅನ್ನುತ್ತಾರೆ. ಬ್ಯಾಂಕಿಗೆ ಹೋದರೆ ಓಟಿಪಿ ಮನೆಯಲ್ಲಿರುತ್ತದೆ.

ಇಷ್ಟು ಓದಿ ರಾಯರಿಗೆ ಏನೂ ತಿಳಿಯದು ಎಂದುಕೊಂಡರೆ ಅನ್ಯಾಯ. ಅವರಿಗೆ ತಿಳಿದದ್ದು ಲೆಕ್ಕ. ಕಾಫಿ ಕುಡಿಯುವಾಗ ಅವರು ಮೆಲ್ಲಗೆ ಶುರು ಮಾಡುತ್ತಾರೆ: “28 ದಿನದ ಪ್ಯಾಕು ಹಾಕಿಸ್ತೀರಲ್ಲ, ಅದು ತಿಂಗಳು ಅಲ್ಲ. 28ರ 13 ಅಂದ್ರೆ 364. ವರ್ಷಕ್ಕೆ 12 ತಿಂಗಳು, ನಿಮ್ಮ ರೀಚಾರ್ಜು 13.” ಮಾತು ನೂರಕ್ಕೆ ನೂರು ಸರಿ. ಈ ದೂರು ದೇಶದ ತುಂಬ ಇದ್ದದ್ದಕ್ಕೇ 2022ರ ಜನವರಿಯಲ್ಲಿ ಟ್ರಾಯ್ ಆದೇಶ ಹೊರಡಿಸಿತು: 30 ದಿನದ ಒಂದು ಪ್ಲಾನು, ಪ್ರತಿ ತಿಂಗಳೂ ಅದೇ ತಾರೀಖಿಗೆ ಹಾಕಿಸುವ ಒಂದು ಪ್ಲಾನು, ಪ್ರತಿ ಕಂಪನಿಯೂ ಕೊಡಲೇಬೇಕು ಎಂದು. ಅಂಗಡಿಯಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ, ಕೇಳುವವರಿಲ್ಲ. ಬರೀ ಡೇಟಾದ ಸಣ್ಣ ಪ್ಯಾಕು ಹಾಕಿಸಿದರೆ ಸಾಮಾನ್ಯವಾಗಿ ಅದರ ಕೆಳಗೆ ಚಾಲ್ತಿಯಲ್ಲಿರುವ ಮೂಲ ಪ್ಲಾನು ಇರಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟೂ ನೆಟ್ಟಿಲ್ಲ ಎಂಬುದನ್ನೂ ಅವರೇ ಹೇಳುತ್ತಾರೆ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಫೋನಿನ ಡೇಟಾ ಅರ್ಧಕ್ಕರ್ಧ ಮಿಕ್ಕು ರಾತ್ರಿ 12ಕ್ಕೆ ಸತ್ತುಹೋಗುವಾಗ ಟ್ಯಾಬಿಗೆ ಬೇರೆ ಸಿಮ್ ಯಾಕೆ, ಹಾಟ್‌ಸ್ಪಾಟ್ ಹಾಕಿಕೊಳ್ಳಿ ಎಂದೂ ಹೇಳುತ್ತಾರೆ. ಟೀಚರಮ್ಮನಿಗೂ ಹೇಳಿದ್ದರು. ಪ್ರವಚನದ ಗದ್ದಲದಲ್ಲಿ ಕೇಳಿಸಲಿಲ್ಲ.

ವಿಚಿತ್ರ ಇದೇ. ಅವರಿಗೆ ತಿಳಿಯದ ವಿಷಯದಲ್ಲಿ ಬೀದಿಯೇ ಅವರ ಮಾತು ಕೇಳುತ್ತದೆ. ತಿಳಿದ ವಿಷಯಕ್ಕೆ ಬಾಯಿ ತೆರೆದರೆ ‘ಅದಿರಲಿ ರಾಯರೇ, ಇದೊಂದು ನೋಡಿ’ ಎಂದು ಇನ್ನೊಂದು ಫೋನು ಮುಂದೆ ಮಾಡುತ್ತಾರೆ.

ಈಚೆಗೆ ಹೊಸ ಗಂಡಾಂತರವೊಂದು ಬಂದಿದೆ. ಡಾಕ್ಟರ ಮನೆಗೆ ಮಗ 2024ರ ಐಪ್ಯಾಡ್ ಪ್ರೊ ತಂದ, ಸಿಮ್ಮಿನ ಮಾಡೆಲ್ಲೇ. ರಾಯರು ಡಬ್ಬಿ ತೆರೆದಿಟ್ಟು ನಾಲ್ಕೂ ಅಂಚು ತಡವಿದರು. ಕಿಂಡಿಯಿಲ್ಲ. ಅದರಲ್ಲಿ ಸಿಮ್ ಹಾಕುವ ಜಾಗವನ್ನೇ ಕಂಪನಿ ತೆಗೆದುಹಾಕಿದೆ, ಇರುವುದು ಇಸಿಮ್ ಮಾತ್ರ. ಮಗ ಕ್ಯೂಆರ್ ಕೋಡಿಗೆ ಹಿಡಿದ, ನೆಟ್ಟು ಬಂತು. ಉಸಿರು ಬಿಡಲು, ಒರೆಸಲು, ತಿಕ್ಕಲು ಏನೂ ಇರಲಿಲ್ಲ. “ಇದು ಬಾಳಿಕೆ ಬರೋಲ್ಲ” ಎಂದರು ರಾಯರು.

ನಿಮ್ಮ ಬೀದಿಯ ರಾಯರನ್ನು ಟ್ಯಾಬ್ ಕೊಂಡ ಮೇಲೆ ಕರೆಯಬೇಡಿ, ಕೊಳ್ಳುವ ಮುಂಚೆಯೇ ಕರೆಯಿರಿ. ಯಾವ ಪ್ಲಾನು, ಎಷ್ಟು ದಿನ, ವರ್ಷಕ್ಕೆ ಎಷ್ಟಾಯಿತು ಎಂದು ಕೇಳಿ, ಕಾಗದ ಪೆನ್ನು ಕೊಡಿ. ಒಂದು ಪೈಸೆ ಹೆಚ್ಚು ಕಡಿಮೆ ಆಗುವುದಿಲ್ಲ. ಕನ್ನಡಕದ ಡಬ್ಬಿಯನ್ನು ಮಾತ್ರ ತೆರೆಯಲು ಬಿಡಬೇಡಿ.