ಸುಬೇದಾರ್ ಅಜ್ಜನ ಚಕ್ರ ಪರೇಡ್

ಕೊಡಗಿನಲ್ಲಿ ಇವರಿಲ್ಲದ ಊರಿಲ್ಲ. ಸೈನ್ಯ ಬಿಟ್ಟು ಎಷ್ಟೋ ವರ್ಷವಾದರೂ ಬೆಳಗ್ಗೆ ಐದಕ್ಕೆ ಎದ್ದು, ಗಡ್ಡ ಹೆರೆದು, ಇಸ್ತ್ರಿಯ ಅಂಗಿ ತೊಟ್ಟು ಜೀಪಿನ ಟೈರು ತೊಳೆಯಲು ನಿಲ್ಲುತ್ತಾರೆ. ಆ ಜೀಪು ಗೇಟು ದಾಟಿದ ಕೂಡಲೇ ತೋಟದ ಕೆಸರಿಗೇ ಇಳಿಯಬೇಕು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. “ಕೆಸರು ಅದರ ಡ್ಯೂಟಿ ಮಾಡಲಿ, ನನ್ನ ಡ್ಯೂಟಿ ನಾನು ಮಾಡುತ್ತೇನೆ” ಎನ್ನುತ್ತಾರೆ. ಗೋಡೆಯ ಕೋವಿ ಇಳಿಸಿ, ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ ಮನೆಯಲ್ಲಿ ಯಾರೂ ಕೆಮ್ಮಕೂಡದು. ಊರವರ ಬಾಯಲ್ಲಿ ಇವರು ಸುಬೇದಾರ್ ಅಜ್ಜ. ನಿಜವಾದ ಹೆಸರು ಮತದಾರರ ಪಟ್ಟಿಗೆ ಮಾತ್ರ ಗೊತ್ತು.

ಇಂಥವರ ಮನೆಗೆ ಈಗ ರೋಬೋಟ್ ಬಂದಿದೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಗಿ, ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟು ಟಿಂಕರಿಂಗ್ ಲ್ಯಾಬ್ ತೆರೆಸುತ್ತಾ ಹೋದ ಮೇಲೆ, ಆರನೇ ಕ್ಲಾಸಿನ ಮಕ್ಕಳ ಕೈಗೂ ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡು ಸಿಕ್ಕಿತು. ಅಜ್ಜನ ಮೊಮ್ಮಗಳದು ಎಂಟನೇ ಕ್ಲಾಸು. ಅವಳ ರೋಬೋಟಿಗೆ ಎರಡು ಹಳದಿ ಮೋಟರು, 65 ಮಿಲಿಮೀಟರ್ ವ್ಯಾಸದ ಎರಡು ಪ್ಲಾಸ್ಟಿಕ್ ಚಕ್ರ, ಅವಕ್ಕೆ ಕಪ್ಪು ರಬ್ಬರ್ ಟೈರು. ಶಾಲೆಗಳ ಪಂದ್ಯದಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಗೆರೆ ಹಿಡಿದು ಓಡುವುದು ಅದರ ಕೆಲಸ. ಹೊಟ್ಟೆಯಡಿಯ ಸೆನ್ಸರ್ ಬಿಡುವ ಅವಗೆಂಪು ಬೆಳಕನ್ನು ಬಿಳಿ ವಾಪಸು ಕಳಿಸುತ್ತದೆ, ಕಪ್ಪು ನುಂಗುತ್ತದೆ. ಅದಕ್ಕಿರುವ ವಿದ್ಯೆ ಇಷ್ಟೇ.

ಆದರೆ ಗೆರೆ ಬಳಿದದ್ದು ಮಡಿಕೇರಿಯ ಮಳೆಗಾಲದಲ್ಲಿ! ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿದು. ಒಲೆಯ ಮೇಲೆ ನೇತುಹಾಕಿದ ಬನಿಯನ್ನೇ ಒಣಗದಿರುವಾಗ ಎನಾಮೆಲ್ ಪೇಂಟು ಒಣಗುವುದು ಯಾವ ಕಾಲಕ್ಕೆ? ಅರೆಹಸಿ ಬಣ್ಣದ ಮೇಲೆ ಹಾದ ರೋಬೋಟ್ ಟೈರಿಗೆಲ್ಲ ಕಪ್ಪು ಮೆತ್ತಿಕೊಂಡು, ಬಿಳಿಯ ಮೇಲೆ ತನ್ನದೇ ಎರಡು ಗೆರೆ ಎಳೆಯುತ್ತದೆ. ಮುಂದಿನ ಸುತ್ತಿನಲ್ಲಿ ಆ ಗೆರೆಗಳನ್ನೇ ನಂಬಿ ನಡೆಯುತ್ತದೆ. ತಾನೇ ಹಾಕಿದ ದಾರಿಯಲ್ಲಿ ತಾನೇ ಸುತ್ತುವ ಮನುಷ್ಯರಿಗೆ ನಮ್ಮಲ್ಲಿ ಶಾಲು ಹೊದಿಸುತ್ತಾರೆ. ಇದು ರೋಬೋಟ್ ನೋಡಿ, ಔಟ್ ಮಾಡುತ್ತಾರೆ.

“ಚಕ್ರ ಬಿಚ್ಚು” ಎಂದು ಅಜ್ಜ ಆರ್ಡರ್ ಕೊಡುತ್ತಾರೆ.

ಮೊದಲು ಪಂದಿಕರಿಗೆ ಹಾಕುವ ಕಾಚಂಪುಳಿ. ಹಿತ್ತಾಳೆ ಚೊಂಬು ಬೆಳಗುವ ಹುಳಿಗೆ ಪೇಂಟ್ ಯಾವ ಲೆಕ್ಕ ಎಂಬುದು ಅವರ ವಾದ. ಪೇಂಟ್ ಅಲ್ಲಾಡುವುದಿಲ್ಲ. ರೋಬೋಟಿಗೆ ಪಂದಿಕರಿಯ ವಾಸನೆ ಹಿಡಿದು ಮನೆಯ ನಾಯಿ ಅದರ ಬೆನ್ನು ಬೀಳುತ್ತದೆ. ಆಮೇಲೆ ಗೇಟಿಗೆ ಪೇಂಟ್ ಬಳಿದು ಉಳಿದ ಥಿನ್ನರ್. ಅದು ಪೇಂಟನ್ನು ತೆಗೆಯುತ್ತದೆ, ಜೊತೆಗೆ ಚಕ್ರವನ್ನೂ: ಟೈರು ಊದಿಕೊಳ್ಳುತ್ತದೆ, ಪ್ಲಾಸ್ಟಿಕ್ ಕರಗಿ ಬೆರಳಿಗೆ ಅಂಟುತ್ತದೆ. ಪುಣ್ಯಕ್ಕೆ ಲ್ಯಾಬಿನಲ್ಲಿ ಬಿಡಿ ಚಕ್ರ ಇರುತ್ತದೆ.

“ಅಜ್ಜ, ಸೋಪು ನೀರು, ಹಳೇ ಟೂತ್‌ಬ್ರಷ್ಷು ಸಾಕು. ಒಣಗಿದ್ದನ್ನು ಉಗುರಲ್ಲಿ ಕೆರೆಯಬೇಕು. ಕೊನೆಗೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಬೇಕು.”

“ಸ್ಪಿರಿಟ್ಟಾ?” ಅಜ್ಜನ ಕಣ್ಣು ಬೀರುವಿನತ್ತ ಹೋಗುತ್ತದೆ. ಮಿಲಿಟರಿ ಕ್ಯಾಂಟೀನಿನ ಈ ತಿಂಗಳ ಕೋಟಾ ಇನ್ನೂ ಸೀಲು ಒಡೆಯದೆ ಕೂತಿದೆ. “ಚಕ್ರಕ್ಕೆ ರಮ್ಮು ಕೊಡುವ ವಂಶವಲ್ಲ ನಮ್ಮದು.”

ಮೊಮ್ಮಗಳು ಕೇಳಿದ್ದು ಮೆಡಿಕಲ್ ಶಾಪಿನ ಐಸೋಪ್ರೊಪೈಲ್. ರಮ್ಮಿನ ಸಕ್ಕರೆ ಟೈರಿನ ಮೇಲೆ ಅಂಟಾಗಿ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ ಎಂದು ಅವಳು ವಿವರಿಸಿದ ಮೇಲೆ ಅಜ್ಜನಿಗೆ ವಿಜ್ಞಾನದ ಮೇಲೆ ಗೌರವ ಹುಟ್ಟುತ್ತದೆ. ಆ ಗೌರವದ ಭರದಲ್ಲೇ, ಅವಳು ಸ್ನಾನಕ್ಕೆ ಹೋದಾಗ, ಜೀಪಿನ ಟೈರ್ ಪಾಲಿಶ್ ತಂದು ಎರಡೂ ಚಕ್ರಕ್ಕೆ ಹಚ್ಚುತ್ತಾರೆ. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಸ್ವಿಚ್ ಒತ್ತಿದರೆ ಚಕ್ರ ಗರಗರ ತಿರುಗುತ್ತದೆ, ರೋಬೋಟ್ ನಿಂತಲ್ಲೇ ನಿಂತಿರುತ್ತದೆ.

“ಹೊಳೆಯೋದು ಬೇಡ ಅಜ್ಜ, ಹಿಡಿಬೇಕು!”

ಐವತ್ತು ವರ್ಷದ ಬೂಟ್ ಪಾಲಿಶಿನ ಸಿದ್ಧಾಂತಕ್ಕೆ ಬಿದ್ದ ಮೊದಲ ಪೆಟ್ಟು ಅದು. ಅಜ್ಜ ಆ ಮಧ್ಯಾಹ್ನ ಊಟ ಮಾಡುವುದಿಲ್ಲ. ಸಂಜೆ ಅವಳು ಇನ್ನೊಂದು ಗುಟ್ಟು ಹೇಳುತ್ತಾಳೆ: ಮೈಕ್ರೋಮೌಸ್ ಎಂಬ ರೋಬೋಟ್ ಪಂದ್ಯದಲ್ಲಿ ಜಪಾನಿನವರು ಕೂಡ ಪ್ರತಿ ಓಟಕ್ಕೆ ಮುಂಚೆ ಅಂಟು ಟೇಪಿನ ಮೇಲೆ ಚಕ್ರ ಉರುಳಿಸಿ ಧೂಳು ತೆಗೆಯುತ್ತಾರೆ, ಧೂಳಿದ್ದರೆ ತಿರುವಿನಲ್ಲಿ ಜಾರುತ್ತದೆ. “ಹಾಗೆ ಹೇಳು ಮತ್ತೆ” ಎಂದು ಅಜ್ಜ ಎದ್ದು ಕೂರುತ್ತಾರೆ. ಸೆಪ್ಟೆಂಬರ್ ಮೊದಲ ವಾರದ ಆಯುಧಗಳ ಹಬ್ಬ ಕೈಲ್ ಪೊಳ್ದಿನಲ್ಲಿ ಕೋವಿಗಳ ಸಾಲಿಗೆ ರೋಬೋಟೂ ಸೇರಿ, ತೋಕ್ ಪೂ ಎಂಬ ಕೋವಿ ಹೂವು ಮುಡಿದು ನಿಲ್ಲುತ್ತದೆ. ಕುಂಕುಮ ಸೆನ್ಸರಿಗೆ ಬೀಳದಂತೆ ಮೊಮ್ಮಗಳು ಅಂಗೈ ಅಡ್ಡ ಹಿಡಿದಿರುತ್ತಾಳೆ.

ಪಂದ್ಯದ ದಿನ ಅಜ್ಜ ಹಲಗೆಯ ಪಕ್ಕ ಸ್ಟೂಲು ಹಾಕಿ ಕೂರುತ್ತಾರೆ. ಬೆರಳಿಗೆ ಟೇಪು ಸುತ್ತಿದೆ. ಓಟಕ್ಕೆ ಮುಂಚೆ ಚಕ್ರ ಉರುಳಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷೆ. ಬೇರೆ ಶಾಲೆಯ ಮಕ್ಕಳೂ ಕ್ಯೂ ನಿಲ್ಲುತ್ತಾರೆ. ಎಲ್ಲರ ಚಕ್ರಕ್ಕೂ ಒಂದೇ ನ್ಯಾಯ, ಎದುರು ಪಾರ್ಟಿ ಎಂಬ ಭೇದವಿಲ್ಲ. ಎಷ್ಟು ಒರೆಸಿದರೂ ಟೇಪಿನಲ್ಲಿ ಕೆಂಪು ಮಣ್ಣು ಕಾಣುತ್ತಲೇ ಇರುವಾಗ ಅವರು ಹಲಗೆ ಬಿಟ್ಟು ನೆಲ ನೋಡತೊಡಗುತ್ತಾರೆ. ನೆಲದಿಂದ ತೀರ್ಪುಗಾರರ ಕಾಲು.

ಐದು ನಿಮಿಷದಲ್ಲಿ ತೀರ್ಪುಗಾರರು, ಫೋಟೋದವನು, ಮುಖ್ಯ ಅತಿಥಿ ಎಲ್ಲರೂ ತಣ್ಣನೆಯ ಸಿಮೆಂಟಿನ ಮೇಲೆ ಬರಿಗಾಲಲ್ಲಿ. ಬಾಗಿಲಾಚೆ ಬೂಟುಗಳು ಸೈಜಿನ ಪ್ರಕಾರ ಸಾಲು ನಿಂತಿರುತ್ತವೆ. ಬಹುಮಾನ ಯಾವುದೋ ಬೇರೆ ಶಾಲೆಗೆ ಹೋಗುತ್ತದೆ. ಮುಖ್ಯ ಅತಿಥಿ ಹೊರಡುವಾಗ ನೋಡಿದರೆ ಅವರ ಎಡಗಾಲಿನ ಬೂಟು ಫಳಫಳ, ಬಲಗಾಲಿನದು ಬಂದ ಹಾಗೇ ಇದೆ. ಭಾಷಣ ಇನ್ನೊಂದು ಹತ್ತು ನಿಮಿಷ ಎಳೆದಿದ್ದರೆ ಅದೂ ಆಗುತ್ತಿತ್ತು ಎಂದು ಅಜ್ಜ ಅವರಿಗೇ ಹೇಳುತ್ತಾರೆ.